ಗುಂಡಿ ಡಬ್ಬದ ಬಿಲ್ಲೆಗಳು

ಫೆಬ್ರವರಿ 4

ವಕೀಲ ಸಾಹೇಬರಿಗೆ,

ಹನ್ನೊಂದು ವರ್ಷ ಆದಮೇಲೆ ಅಕ್ಕನ ಕಾಗದ ಬಂತು ಅಂತ ಗಾಬರಿ ಬೀಳಬೇಡ. ಅಮ್ಮ ಇದ್ದಾಳೆ. ವಕೀಲ ಸಾಹೇಬ ಅನ್ನೋದು ಊಟಕ್ಕೆ ಕೂತರೂ ವಾದ ಮಾಡ್ತಿದ್ದೆ ಅಂತ ನಿನಗೆ ಇಟ್ಟ ಹೆಸರು. ನೀನೀಗ ಬೇರೆ ಸಭೆಯ ಪಾದ್ರಿ ಆಗಿದ್ರೂ ನನ್ನ ಬಾಯಿಗೆ ಅದೇ ಬರತ್ತೆ, ಏನು ಮಾಡ್ಲಿ.

ಫೋನ್‌ನಲ್ಲಿ ಹೇಳೋ ವಿಷಯ ಅಲ್ಲ ಇದು. ಅಮ್ಮ ಪಕ್ಕದ ಕೋಣೆಯಲ್ಲೇ ಇರ್ತಾಳೆ, ಕಾಲು ಹೋದ್ರೂ ಕಿವಿ ಇನ್ನೂ ಚುರುಕು.

ಹೋದ ಸೆಪ್ಟೆಂಬರ್‌ನಲ್ಲಿ ಡಾಕ್ಟರು ಪರೀಕ್ಷೆ ಎಲ್ಲಾ ಮಾಡಿಸಿ ಹೇಳಿದ್ರು: ಇವರ ಕರುಳಿಗೆ ಗೋಧಿ ಆಗಲ್ಲ, ಒಂದು ಚೂರೂ ಕೊಡಬೇಡಿ. ನಗಬೇಕೋ ಅಳಬೇಕೋ ನೀನೇ ಹೇಳು. ಮೂವತ್ತೆಂಟು ವರ್ಷ ಹಿಂದಿನ ಕೋಣೆಯಲ್ಲಿ ಕೂತು ಚರ್ಚಿಗೆ ಪರಮಪ್ರಸಾದದ ಗೋಧಿ ಬಿಲ್ಲೆ ಸುಟ್ಟವಳು. ಈಗ ಆ ಕೆಲಸ ನನ್ನದು. ಹಿಟ್ಟು ಗಾಳಿಯಲ್ಲಿ ಬಂದರೂ ತೊಂದರೆ ಅಂತ ಅಮ್ಮನ ಮಂಚ ಮುಂದಿನ ಕೋಣೆಗೆ ಹಾಕಿದೀನಿ. ಬಿಲ್ಲೆ ಸುಡೋ ಅಚ್ಚಿನ ಮುಂದಿಂದ ಎದ್ದರೆ ಸೀರೆ ಬದಲಾಯಿಸಿ, ಮೊಣಕೈವರೆಗೆ ತೊಳ್ಕೊಂಡು ಆಮೇಲೆ ಅವಳ ಹತ್ತಿರ ಹೋಗ್ತೀನಿ.

ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಅವಳ ಪಾಲಿನ ಪ್ರಸಾದ ಸಣ್ಣ ಡಬ್ಬಿಯಲ್ಲಿ ಮನೆಗೆ ತರೋಕೆ ಚರ್ಚಿನ ಗುರುಗಳು ನನಗೇ ಅಪ್ಪಣೆ ಕೊಟ್ಟಿದಾರೆ. ಡಾಕ್ಟರು ಬೇಡ ಅಂದಮೇಲೂ ಎರಡು ವಾರ ಅರ್ಧ ಬಿಲ್ಲೆ ಕೊಟ್ಟೆ. ಪೂಜೆ ಆದಮೇಲೆ ಅದು ಗೋಧಿ ಅಲ್ವಲ್ಲ, ಸ್ವಾಮಿಯೇ ಅಲ್ವಾ ಅನ್ನೋ ಧೈರ್ಯ. ಎರಡು ಸಲವೂ ಮೂರು ದಿನ ಮೇಲೇಳಲಿಲ್ಲ. ಅಷ್ಟೆಲ್ಲಾ ಬದಲಾದರೂ ಅಮ್ಮನ ಕರುಳಿಗೆ ಮಾತ್ರ ಅದು ಗೋಧಿಯೇ.

ಅದಕ್ಕೇ ನಾನೊಂದು ಕೆಲಸ ಮಾಡಿದೆ. ಬೇರೆ ಸಣ್ಣ ಅಚ್ಚು ತಂದು, ಅಕ್ಕಿ ಹಿಟ್ಟಿನಲ್ಲಿ ಬಿಲ್ಲೆ ಸುಟ್ಟೆ. ಅಕ್ಕಿಗೆ ಹಿಡಿತ ಇಲ್ಲ, ಅಚ್ಚಿನಿಂದ ಎಬ್ಬಿಸಿದ್ರೆ ಪುಡಿ ಪುಡಿ. ಹತ್ತು ಸುಟ್ಟರೆ ಒಂದು ನಿಲ್ಲೋದು. ಪೂಜೆಗೆ ಬಿಲ್ಲೆ ತುಂಬಿಸಿಡೋಳು ನಾನೇ ಆದ್ದರಿಂದ ಅಮ್ಮನ ಡಬ್ಬಿಯಲ್ಲಿ ಅದನ್ನ ಇಟ್ಟು ಪೀಠದ ಮೇಲೆ ಇಡ್ತೀನಿ. ಗುರುಗಳಿಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ. ಹದಿನೆಂಟು ಭಾನುವಾರ ಆಯ್ತು.

ಗೋಧಿ ಮತ್ತು ನೀರು, ಅದು ಬಿಟ್ಟು ಇನ್ನೊಂದು ಬಿದ್ದರೆ ಅದು ಪ್ರಸಾದ ಆಗಲ್ಲ, ಬಿಸ್ಕತ್ತು ಅಂತ ಅಮ್ಮನೇ ನಮಗೆ ಹೇಳಿಕೊಟ್ಟಿದ್ದು. ಹಾಗಾದ್ರೆ ನಾನು ಅವಳಿಗೆ ಏನು ಕೊಡ್ತಿದೀನಿ? ನೀನು ಓಡಿಹೋಗೋಕೆ ಮುಂಚೆ ಗುರು ಆಗ್ತೀನಿ ಅಂತ ನಾಲ್ಕು ವರ್ಷ ಗುರುಮಠದಲ್ಲಿ ಓದಿದವನು. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳು. ಉಪದೇಶ ಬೇಡ.

ಅಕ್ಕ


ಫೆಬ್ರವರಿ 14

ಪ್ರಿಯ ಅಕ್ಕ,

ನಿನ್ನ ಕಾಗದ ನೋಡಿ ಸಂತೋಷವಾಯಿತು, ವಿಷಯ ಓದಿ ದುಃಖವಾಯಿತು. ಅಮ್ಮನಿಗಾಗಿ ನಮ್ಮ ಸಭೆಯಲ್ಲಿ ಪ್ರಾರ್ಥಿಸುತ್ತಿದ್ದೇವೆ.

ನಿನ್ನ ಪ್ರಶ್ನೆಗೆ ಒಂದೇ ಪದದ ಉತ್ತರ ಸಾಧ್ಯವಿಲ್ಲ. ನಿಮ್ಮ ಚರ್ಚಿನ ಬೋಧನೆಯಂತೆ, ಗುರು ಆ ಮಾತುಗಳನ್ನು ನುಡಿದಾಗ ರೊಟ್ಟಿಯ ಒಳವಸ್ತು ಪೂರ್ತಿಯಾಗಿ ಕ್ರಿಸ್ತನಾಗುತ್ತದೆ. ಬಣ್ಣ, ರುಚಿ, ಆಕಾರ, ಹೊಟ್ಟೆಗೆ ಮಾಡುವ ಗುಣ ಎಲ್ಲ ರೊಟ್ಟಿಯದಾಗಿಯೇ ಉಳಿಯುತ್ತವೆ. ಹಾಗಾಗಿ ಅಮ್ಮನ ಕರುಳು ತಪ್ಪು ಹೇಳಲಿಲ್ಲ. ಬೇರೆ ಕೆಲವರು ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ, ಆತ ಅದರ ಜೊತೆಗೆ ಇರುತ್ತಾನೆ ಎನ್ನುತ್ತಾರೆ. ಇನ್ನು ನಮ್ಮ ಸಭೆಯಲ್ಲಿ ಅದು ಆತನ ನೆನಪು ಅಷ್ಟೇ. ಆತನಿರುವುದು ನಂಬಿಕೆಯಿಂದ ತಿನ್ನುವವರ ಮನಸ್ಸಿನಲ್ಲಿ, ಹಿಟ್ಟಿನಲ್ಲಲ್ಲ. ನಮ್ಮಲ್ಲಿ ಸರದಿಯ ಮೇಲೆ ಯಾರೋ ಒಬ್ಬರು ಬೇಕರಿಯಿಂದ ಬ್ರೆಡ್ ತರುತ್ತಾರೆ. ಹೋದ ತಿಂಗಳು ತಂದವರು ಒಣದ್ರಾಕ್ಷಿ ಹಾಕಿದ್ದನ್ನು ತಂದುಬಿಟ್ಟಿದ್ದರು, ಆರಾಧನೆಗೆ ಮೊದಲು ಫೋರ್ಕ್ ಹಿಡಿದು ಒಂದೊಂದನ್ನೂ ತೆಗೆದೆ. ಯಾರಿಗೂ ಏನೂ ಕಡಿಮೆಯಾಗಲಿಲ್ಲ.

ಅಮ್ಮ ನಂಬಿಕೆಯಿಂದ ತಿಂದಿದ್ದಾಳೆ. ಅಕ್ಕಿಯೋ ಗೋಧಿಯೋ, ಆಕೆ ಏನನ್ನೂ ಕಳೆದುಕೊಂಡಿಲ್ಲ. ಹೇಳಿ ಆಕೆಯ ಮನಸ್ಸು ಕೆಡಿಸಬೇಡ. ನೀನೂ ಈ ಹಿಟ್ಟಿನ ಭಯದಿಂದ ಹೊರಗೆ ಬಾ.

ನಿನ್ನ ತಮ್ಮ


ಮಾರ್ಚ್ 1

ವಕೀಲ ಸಾಹೇಬರಿಗೆ,

ಉಪದೇಶ ಬೇಡ ಅಂದಿದ್ದೆ. ಎರಡು ಪುಟ ಕಳಿಸಿದೀಯ.

ನಾನು ಕೇಳಿದ್ದು ನಮ್ಮ ಮನೆ ವಿಷಯ, ನೀನು ಹೇಳಿದ್ದು ನಿಮ್ಮ ಮನೆ ಉತ್ತರ. ನಿಮ್ಮಲ್ಲಿ ಒಣದ್ರಾಕ್ಷಿ ನಡೆಯತ್ತೆ ಅಂದರೆ ಅಮ್ಮನಿಗೆ ಏನು ಬಂತು? ಅವಳು ನಂಬಿರೋದು ನಿಮ್ಮ ಹಾಗೆ ಅಲ್ಲ. ಎಪ್ಪತ್ತೆಂಟು ವರ್ಷ ಅವಳು ನಾಲಿಗೆ ಮೇಲೆ ಸ್ವಾಮಿ ಬಂದ ಅಂತಲೇ ಬಾಯಿ ಮುಚ್ಚಿದವಳು. ಈಗ ನಾನು ಅವಳಿಗೆ ಬರೀ ಅಕ್ಕಿ ಹಪ್ಪಳ ಕೊಟ್ಟು, ಇದೇ ಅವನು ಅಂತ ಮಂಡಿಯೂರಿ ಪ್ರಾರ್ಥನೆ ಬೇರೆ ಹೇಳ್ತೀನಿ. ಥೂ, ಬರೆಯೋಕೇ ನಾಚಿಕೆ ಆಗತ್ತೆ.

ಗುರುಗಳನ್ನ ಕೇಳೋದು ತಾನೆ ಅಂತ ನೀನು ಕೇಳಲಿಲ್ಲ, ಆದರೂ ಹೇಳ್ತೀನಿ. ಬಾಯಿ ಬರಲ್ಲ. ಅಮ್ಮ, ಅಮ್ಮನ ಅತ್ತೆ, ಈಗ ನಾನು, ಮೂರು ತಲೆಮಾರಿಂದ ಇದೇ ಕೆಲಸ. ನಮ್ಮ ಬಿಲ್ಲೆ ತಿಂದು ನಮ್ಮ ಅಮ್ಮನಿಗೇ ಕಾಯಿಲೆ ಅಂತ ಹೋಗಿ ಹೇಳ್ಲಾ? ಅವರು ಆಗಲೇ ಎರಡು ಸಲ ಫ್ಯಾಕ್ಟರಿ ಬಿಲ್ಲೆ ಚೆನ್ನಾಗಿರತ್ತಂತೆ, ಒಂದೂ ಮುರಿದಿರಲ್ವಂತೆ ಅಂದಿದಾರೆ. ಪಾಪನಿವೇದನೆಗೆ ಹೋದ್ರೂ ಅವರ ಮುಂದೆಯೇ ತಾನೆ ಕೂರಬೇಕು. ಐದು ತಿಂಗಳಿಂದ ಹೋಗಿಲ್ಲ.

ನೀನು ಮನೆ ಬಿಟ್ಟು ಹೋದ ದಿನ ಊಟದ ಮೇಜಿನ ಮೇಲೆ ಏನಂದೆ ನೆನಪಿದೆಯಾ? ಹಿಂದಿನ ಕೋಣೆಯಲ್ಲಿ ಅಮ್ಮ ಕತ್ತರಿಸಿದ್ದನ್ನ ಕಣ್ಣಾರೆ ನೋಡಿದೀನಿ, ಅದಕ್ಕೆ ಹೇಗೆ ಕೈಮುಗೀಲಿ ಅಂದೆ. ಅಮ್ಮ ನಿನ್ನ ತಟ್ಟೆಗೆ ಇನ್ನೊಂದಿಷ್ಟು ಬಡಿಸಿದಳು. ನಾನಾಗಿದ್ರೆ ಕೆನ್ನೆಗೆ ಎರಡು ಬಾರಿಸ್ತಿದ್ದೆ.

ಅವಳು ಸ್ವಲ್ಪ ಇಳಿದಿದಾಳೆ. ತಲೆ ಮಾತ್ರ ನೆಟ್ಟಗಿದೆ, ಬಾಯೂ ಅಷ್ಟೇ. ಡಿಸೆಂಬರ್‌ನಲ್ಲಿ ಒಂದು ದಿನ ಮಂಚದ ಮೇಲಿಂದಲೇ, ಲೇ, ಅಚ್ಚಿನ ಕಾವು ಜಾಸ್ತಿ ಆಗ್ತಿದೆ, ಇಳಿಸು ಅಂತ ಕೂಗಿದಳು. ಮುಂದಿನ ಕೋಣೆಯಲ್ಲಿ ಮಲಗಿ ಹಿಂದಿನ ಕೋಣೆ ಯಜಮಾನಿಕೆ. ಇಳಿಸಿದೆ. ನಿನ್ನ ಕಾಗದ ಬಂತಾ ಅಂತ ಕೇಳ್ತಾಳೆ. ಹೂಂ ಅಂದೆ.

ಅಕ್ಕ


ಮಾರ್ಚ್ 20

ಪ್ರಿಯ ಅಕ್ಕ,

ನಿನ್ನ ಸಿಟ್ಟು ಅರ್ಥವಾಗುತ್ತದೆ. ಆದರೆ ಒಮ್ಮೆ ತಣ್ಣಗೆ ಯೋಚಿಸು. ಹಿಟ್ಟು ಬದಲಾದರೆ ದೇವರು ಬಾರದಿರುವ ಹಾಗಿದ್ದರೆ, ಅದು ದೇವರ ಕೊರತೆಯೋ ಬೋಧನೆಯ ಕೊರತೆಯೋ? ಹಾಸಿಗೆ ಹಿಡಿದ ತಾಯಿಗೆ ಒಂದು ಚೂರು ಕೊಡಲಾಗದ ಬೋಧನೆಯನ್ನು ನೀನು ಯಾಕೆ ಇಷ್ಟು ಗಟ್ಟಿಯಾಗಿ ಹಿಡಿದಿದ್ದೀಯ? ನಿನ್ನ ಕೈ ಆಗಲೇ ಅದನ್ನು ಬಿಟ್ಟಿದೆ, ಇಲ್ಲದಿದ್ದರೆ ನೀನು ಅಕ್ಕಿ ಹಿಟ್ಟು ಕಲಸುತ್ತಿರಲಿಲ್ಲ. ಬಾಯಿ ಒಪ್ಪಿಕೊಳ್ಳಬೇಕು, ಅಷ್ಟೇ.

ಬೇಕಿದ್ದರೆ ನಾನೇ ಬಂದು ಅಮ್ಮನಿಗೆ ಪ್ರಭುವಿನ ಭೋಜನ ಕೊಡುತ್ತೇನೆ. ಯಾವ ರೊಟ್ಟಿಯಾದರೂ ಸರಿ. ಯೋಚಿಸಿ ತಿಳಿಸು.

ನಿನ್ನ ತಮ್ಮ


ಮೇ 6

ತಮ್ಮಾ,

ಹೋದ ಕಾಗದಕ್ಕೆ ಉತ್ತರ ಬರೆಯಬಾರದು ಅಂತಿದ್ದೆ. ಈಗ ಬೇರೆ ಯಾರಿಗೂ ಹೇಳೋಕಾಗಲ್ಲ, ಅದಕ್ಕೆ ಬರೀತಿದೀನಿ.

ನಿನ್ನೆ ಅಮ್ಮನ ಹಾಸಿಗೆ ಹೊದಿಕೆ ಬದಲಾಯಿಸ್ತಿದ್ದೆ. ಗೋಡೆ ಕಡೆ ಹಾಸಿಗೆ ಕೆಳಗೆ ಅವಳ ಹಳೇ ಗುಂಡಿ ಡಬ್ಬ ಸಿಕ್ತು. ಚಿಕ್ಕಂದಿನಲ್ಲಿ ನಾವು ಗುಂಡಿಗಳನ್ನ ಬಣ್ಣದ ಪ್ರಕಾರ ಸಾಲು ಹಚ್ಚಿ ಆಡ್ತಿದ್ವಲ್ಲ, ಅದೇ ತಗಡಿನ ಡಬ್ಬ. ತೆಗೆದೆ. ಒಳಗೆ ಗುಂಡಿ ಇಲ್ಲ. ಕರವಸ್ತ್ರದಲ್ಲಿ ಸುತ್ತಿದ ಬಿಲ್ಲೆ. ನನ್ನ ಅಕ್ಕಿ ಬಿಲ್ಲೆ. ಎಣಿಸಿದೆ. ಮೂವತ್ತೊಂದು.

ಕೈಯಲ್ಲಿ ಇಟ್ಟು ಪ್ರಾರ್ಥನೆ ಹೇಳಿದ ಮೇಲೆ ನೀರು ತರೋಕೆ ಅಡುಗೆಮನೆಗೆ ಹೋಗ್ತೀನಿ. ಅಷ್ಟರಲ್ಲಿ ಬಚ್ಚಿಡ್ತಿದ್ದಳು ಅಂತ ಕಾಣತ್ತೆ. ನಾನು ವಾಪಸ್ ಬಂದಾಗ ಕಣ್ಣು ಮುಚ್ಚಿ ಕೈಮುಗಿದಿರ್ತಿದ್ದಳು. ಎಷ್ಟು ಭಕ್ತಿ ಅಂದ್ಕೊಳ್ತಿದ್ದೆ.

ಅವಳ ಮಟ್ಟಿಗೆ ಅದು ಸ್ವಾಮಿಯ ಶರೀರ. ಅದನ್ನ ಯಾರಾದ್ರೂ ಗುಂಡಿ ಡಬ್ಬದಲ್ಲಿ ಹಾಕಿಡ್ತಾರಾ? ಒಂದು ಚೂರು ನೆಲಕ್ಕೆ ಬಿದ್ದರೆ ಬೆರಳು ಒದ್ದೆ ಮಾಡಿ ಎತ್ತಿಕೊಳ್ತಿದ್ದವಳು! ಒಂದೋ ಅವಳ ತಲೆ ಕೆಟ್ಟಿದೆ. ಇಲ್ಲಾ ಅವಳಿಗೆ ನಂಬಿಕೆ ಹೋಗಿದೆ. ಎರಡನೆಯದಾದ್ರೆ ಅದು ನಿನ್ನ ಕೆಲಸ. ಅವಳಿಗೆ ಏನು ಬರೆದೆ? ಫೋನ್‌ನಲ್ಲಿ ಏನು ತುಂಬಿದೆ? ಸಾಯೋ ಕಾಲದಲ್ಲಿ ಹೆತ್ತವಳನ್ನೂ ಬಿಡಲ್ವಾ ನೀನು?

ಅವಳನ್ನ ಕೇಳಿಲ್ಲ. ಡಬ್ಬ ಇದ್ದ ಕಡೆಯೇ ಇಟ್ಟೆ. ಈ ಭಾನುವಾರ ಏನಾದ್ರೂ ನೆವ ಹೇಳಿ ಪ್ರಸಾದ ತರೋದು ತಪ್ಪಿಸ್ತೀನಿ.

ಅಕ್ಕ


ಮೇ 10

ಅಕ್ಕ,

ಈ ಕಾಗದ ಪೂರ್ತಿ ಓದಬೇಡ. ಮೊದಲು ಗುರುಗಳ ಹತ್ತಿರ ಹೋಗು. ನಮ್ಮ ಅಮ್ಮನಿಗೆ ಗೋಧಿ ಆಗಲ್ಲ, ಬಟ್ಟಲಿನ ದ್ರಾಕ್ಷಾರಸ ಕೊಡಿ ಅಂತ ಹೇಳು. ಅಷ್ಟೇ ಸಾಕು. ಮಿಕ್ಕಿದ್ದು ಆಮೇಲೆ ಓದು.

ಅಮ್ಮನಿಗೆ ನಾನೇನೂ ಬರೆದಿಲ್ಲ. ಅವಳ ತಲೆ ಕೆಟ್ಟಿಲ್ಲ, ನಂಬಿಕೆಯೂ ಹೋಗಿಲ್ಲ. ನೀನು ಅಕ್ಕಿ ಶುರು ಮಾಡಿದ ಮೇಲೆ ಎಷ್ಟು ಭಾನುವಾರ ಆಯ್ತು, ಎಣಿಸು. ಫೆಬ್ರವರಿ ಹೊತ್ತಿಗೆ ಹದಿನೆಂಟು ಅಂದಿದ್ದೆ. ಮೇ ನಾಲ್ಕಕ್ಕೆ ಮೂವತ್ತೊಂದು. ಒಂದನ್ನೂ ಅವಳು ನುಂಗಿಲ್ಲ. ಮೊದಲ ದಿನದಿಂದಲೇ ಅವಳಿಗೆ ಗೊತ್ತಿತ್ತು. ಡಿಸೆಂಬರ್‌ನಲ್ಲಿ ಕಾವು ಇಳಿಸು ಅಂದಳು ಅಂತ ನೀನೇ ಬರೆದಿದ್ದೆ. ಅಷ್ಟು ವರ್ಷದಿಂದ ಒಂದೇ ಕಾವಿನಲ್ಲಿ ಗೋಧಿ ಸುಡುವ ನಿನಗೆ ಅವಳು ಯಾಕೆ ಹಾಗೆ ಹೇಳಬೇಕು? ಅವಳು ನೋಡುತ್ತಿದ್ದುದು ನಿನ್ನ ಅಕ್ಕಿ ಬಿಲ್ಲೆಯ ಅಂಚನ್ನು. ಅದು ಸ್ವಾಮಿ ಅಲ್ಲ ಅಂತ ಗೊತ್ತಿದ್ದರಿಂದಲೇ ಡಬ್ಬದಲ್ಲಿ ಇಟ್ಟಳು. ಏಳು ತಿಂಗಳು ಪ್ರಸಾದ ಇಲ್ಲದೆ ಇದ್ದಾಳೆ, ನಿನ್ನ ಮನಸ್ಸು ನೋಯಿಸಬಾರದು ಅಂತ.

ಈಗ ನನ್ನ ವಿಷಯ. ನಿಮ್ಮ ಚರ್ಚಿನ ಬೋಧನೆಯಲ್ಲೇ ಇದಕ್ಕೆ ದಾರಿ ಇದೆ. ರೊಟ್ಟಿಯಲ್ಲಿ ಆತ ಪೂರ್ತಿ, ದ್ರಾಕ್ಷಾರಸದಲ್ಲೂ ಆತ ಪೂರ್ತಿ. ರೊಟ್ಟಿ ತಿನ್ನಲಾಗದವರಿಗೆ ಒಂದು ಹನಿ ದ್ರಾಕ್ಷಾರಸ ಕೊಟ್ಟರೆ ಏನೂ ಕಡಿಮೆಯಾಗುವುದಿಲ್ಲ. ಗುರುಮಠದಲ್ಲಿ ಎರಡನೇ ವರ್ಷ ಇದರ ಮೇಲೆ ಪರೀಕ್ಷೆ ಬರೆದಿದ್ದೇನೆ. ಚರ್ಚಿನಲ್ಲಿ ದ್ರಾಕ್ಷಾರಸದ ಬಟ್ಟಲು ಗುರುಗಳದ್ದು ಅಂತಲೇ ಬೆಳೆದವರು ನೀನು ಮತ್ತು ಅಮ್ಮ, ನಿಮಗೆ ಹೊಳೆಯಲಿಲ್ಲ. ನನಗೆ ಗೊತ್ತಿತ್ತು. ಫೆಬ್ರವರಿಯಲ್ಲಿ ನಿನ್ನ ಕಾಗದ ಓದುವಾಗಲೇ ಗೊತ್ತಿತ್ತು.

ಬರೆಯಲಿಲ್ಲ. ಬರೆದಿದ್ದರೆ ನಿನ್ನ ಪ್ರಶ್ನೆ ಒಂದು ಸಾಲಿಗೆ ಮುಗಿದುಹೋಗುತ್ತಿತ್ತು, ನನಗೆ ವಾದ ಇರುತ್ತಿರಲಿಲ್ಲ. ನಮ್ಮ ಇಪ್ಪತ್ತು ವರ್ಷದ ವಾದದಲ್ಲಿ ಮೊದಲ ಸಲ ನೀನು ಸೋಲುವ ಹಾಗೆ ಕಂಡೆ. ಅದು ನನಗೆ ಬೇಕಿತ್ತು.

ನಿನ್ನ ಕಾಗದ ಬಂದ ತಕ್ಷಣ ಫೋನ್ ಮಾಡಿದೆ. ಅಮ್ಮ ಪಕ್ಕದಲ್ಲೇ ಇದ್ದಾಳೆ ಅಂತ ನೀನು ಅಂದೆ. ನಾನು ಅಲ್ಲಿ ಸೆಕೆ ಹೇಗಿದೆ ಅಂತ ಕೇಳಿ ಇಟ್ಟುಬಿಟ್ಟೆ. ನಾಚಿಕೆಗೇಡಿ ನಾನು.

ಹೋಗು.


ಮೇ 30

ತಮ್ಮಾ,

ಅಮ್ಮನ ಮಣ್ಣಿಗೆ ನೀನು ಬಂದಿದ್ದೆ. ಪೂಜೆಯಲ್ಲಿ ಕೊನೇ ಬೆಂಚಿನ ಹತ್ತಿರ ನಿಂತಿದ್ದೆ, ಪ್ರಸಾದಕ್ಕೆ ಎಲ್ಲರೂ ಸಾಲಲ್ಲಿ ಹೋದಾಗ ನೀನು ಬೂಟು ನೋಡ್ತಿದ್ದೆ. ಜನರ ಮುಂದೆ ಮಾತಾಡೋದು ಬೇಡ ಅಂತ ನಾನೂ ಸುಮ್ಮನಿದ್ದೆ. ಈಗ ಹೇಳ್ತೀನಿ ಕೇಳು.

ನಿನ್ನ ಕಾಗದ ಬಂದಿದ್ದು ಹದಿನೈದನೇ ತಾರೀಕು ಬೆಳಿಗ್ಗೆ. ಮೊದಲ ನಾಲ್ಕು ಸಾಲು ಓದಿ, ಮೈ ಮೇಲಿನ ಹಿಟ್ಟೂ ಕೊಡವದೆ ಗುರುಗಳ ಮನೆಗೆ ಹೋದೆ. ಎಲ್ಲಾ ಹೇಳಿದೆ, ಅಕ್ಕಿಯನ್ನೂ. ಅವರು ಕನ್ನಡಕ ತೆಗೆದು ತುಂಬಾ ಹೊತ್ತು ಒರೆಸಿದ್ರು. ಆಮೇಲೆ, ಮೊದಲೇ ಕೇಳಬಾರದಿತ್ತೇನಮ್ಮಾ ಅಂದ್ರು. ಅಷ್ಟೇ. ಬೈದಿದ್ರೆ ಚೆನ್ನಾಗಿರ್ತಿತ್ತು. ಪಾಪನಿವೇದನೆ ಅಲ್ಲೇ ಮುಗೀತು. ಏಳುವಾಗ, ಮಂಗಳವಾರಕ್ಕೆ ಎರಡು ಸಾವಿರ ಬಿಲ್ಲೆ ಬೇಕು ಅಂದ್ರು. ನಾನು ಏಳು ತಿಂಗಳು ಹೆದರಿದ್ದು ಇದಕ್ಕೆ!

ಅವತ್ತು ಸಂಜೆಯ ಪೂಜೆಯಲ್ಲಿ ಬೇರೆ ಸಣ್ಣ ಬಟ್ಟಲು ಇಟ್ಟರು, ಅದಕ್ಕೆ ರೊಟ್ಟಿಯ ಚೂರು ಸೋಕದ ಹಾಗೆ. ಮುಗಿದ ಮೇಲೆ ಅವರೇ ಮನೆಗೆ ತಂದರು. ಅಮ್ಮ ಬಟ್ಟಲು ನೋಡಿದಳು, ನನ್ನ ಮುಖ ನೋಡಿದಳು. ಒಂದು ಚಮಚ. ಕಣ್ಣು ಮುಚ್ಚಲಿಲ್ಲ, ಕೈಮುಗಿಯಲಿಲ್ಲ. ಬಾಯಿ ಒರೆಸೋಕೆ ಹೋದರೆ ಬೇಡ ಅಂತ ನನ್ನ ಕೈ ಹಿಡಿದಳು. ಹಾಗೇ ಅತ್ತಳು. ಅವಳು ಅತ್ತಿದ್ದನ್ನ ಅಪ್ಪ ಹೋದಾಗ ನೋಡಿದ್ದು, ಆಮೇಲೆ ಇದೇ.

ಗುರುಗಳು ಹೋದ ಮೇಲೆ ಡಬ್ಬ ತೆಗೆದು ಮುಂದೆ ಇಟ್ಟೆ. ಗೊತ್ತಿದ್ದರೆ ಒಂದು ಮಾತು ಹೇಳಬಾರದಿತ್ತಾ ಅಂದೆ. ನೀನು ಅಷ್ಟು ಕಷ್ಟಪಟ್ಟು ಸುಡ್ತಿದ್ದೆ, ಬೇಡ ಅನ್ನೋಕೆ ಬಾಯಿ ಬರಲಿಲ್ಲ ಕಣೇ ಅಂದಳು. ಆಮೇಲೆ, ಮೊದಮೊದಲು ಅಂಚು ಸೀಯಿಸಿಬಿಡ್ತಿದ್ದೆ, ಅಕ್ಕಿಗೆ ಅಷ್ಟು ಕಾವು ಬೇಡ ಅಂದಳು. ನಾನು ಅಲ್ಲೇ ನಕ್ಕುಬಿಟ್ಟೆ, ಅವಳೂ ನಕ್ಕಳು.

ಹದಿನೆಂಟನೇ ತಾರೀಕು ಭಾನುವಾರ ಇನ್ನೊಂದು ಚಮಚ. ಇಪ್ಪತ್ತೊಂದಕ್ಕೆ ಹೋದಳು.

ನಿನ್ನ ಮೇಲೆ ಸಿಟ್ಟಿದೆ. ತಪ್ಪು ಮೊದಲು ಮಾಡಿದವಳು ನಾನೇ, ಅದನ್ನ ಗುರುಗಳ ಮುಂದೆ ಹೇಳಿ ಆಗಿದೆ. ಆದರೆ ನಿನ್ನ ಫೆಬ್ರವರಿ ಕಾಗದ ಸಿಕ್ಕ ಮೇಲೆ, ನಿಜವಾದದ್ದು ಅವಳ ಬಾಯಿಗೆ ಬರೋವರೆಗೆ ಹನ್ನೆರಡು ಭಾನುವಾರ ಹೋಯ್ತು. ಆ ಹನ್ನೆರಡು ನಿನ್ನವು. ನಿಮ್ಮ ಸಭೆಯಲ್ಲಿ ಇದನ್ನ ಯಾರ ಮುಂದೆ ಹೇಳಿಕೊಳ್ತೀರೋ ನನಗೆ ಗೊತ್ತಿಲ್ಲ.

ಡಬ್ಬ ಪಾರ್ಸೆಲ್‌ನಲ್ಲಿ ಕಳಿಸಿದೀನಿ. ನಮ್ಮ ಪ್ರಕಾರ ಅದರಲ್ಲಿ ಇರೋದು ಅಕ್ಕಿ. ನಿಮ್ಮ ಪ್ರಕಾರ ನಂಬಿ ತಿಂದರೆ ತಾನೆ ಏನಾದ್ರೂ? ಅವಳು ನಂಬಲಿಲ್ಲ, ತಿನ್ನಲೂ ಇಲ್ಲ. ಹಾಗಾಗಿ ಎರಡೂ ಕಡೆಯಿಂದ ಅದರಲ್ಲಿ ಏನೂ ಇಲ್ಲ. ಆದರೂ ಬಿಸಾಕೋಕೆ ನನ್ನ ಕೈಲಿ ಆಗಲಿಲ್ಲ. ನೀನು ಓದಿದವನು, ಏನು ಮಾಡ್ತೀಯೋ ಮಾಡು.

ಅಕ್ಕ


ಜೂನ್ 12

ಅಕ್ಕ,

ಡಬ್ಬ ಬಂತು. ಅಡುಗೆಮನೆ ಮೇಜಿನ ಮೇಲೆ ಪೇಪರ್ ಹಾಸಿ ಬಿಚ್ಚಿದೆ. ಒಂಬತ್ತರ ಅಂಚು ಸೀದಿದೆ, ಮಿಕ್ಕವು ಬೆಳ್ಳಗಿವೆ. ಎಲ್ಲಕ್ಕಿಂತ ಕೆಳಗಿದ್ದ ಒಂದು ಮುದುರಿಕೊಂಡಿದೆ, ಒದ್ದೆಯಾಗಿ ಒಣಗಿದ ಹಾಗೆ. ನೀನು ಎಣಿಸುವಾಗ ನೋಡಲಿಲ್ಲ ಅಂತ ಕಾಣುತ್ತೆ. ಅದರ ಅಂಚಿನಲ್ಲಿ ಹಲ್ಲಿನ ಗುರುತಿದೆ. ಮೊದಲನೆಯದನ್ನು ಬಾಯಿಗೆ ಹಾಕಿಕೊಂಡಿದ್ದಳು ಅಕ್ಕ. ನಾಲಿಗೆಗೆ ಗೊತ್ತಾಗಿ ಹೊರಗೆ ತೆಗೆದಿದ್ದಾಳೆ.

ಬರೀ ಅಕ್ಕಿ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನ ಬೋಧನೆ ಪ್ರಕಾರ ತಿಂದುಬಿಡಬಹುದು, ಕಸಕ್ಕೂ ಹಾಕಬಹುದು. ಎರಡೂ ಆಗಲಿಲ್ಲ. ಮುಚ್ಚಳ ಹಾಕಿ ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದೇನೆ, ದಿನಾ ಕಣ್ಣಿಗೆ ಬೀಳುತ್ತದೆ.

ಜೂನ್ ಒಂದರಂದು ನಮ್ಮಲ್ಲಿ ಪ್ರಭುವಿನ ಭೋಜನದ ಭಾನುವಾರ. ಇದು ಆತನ ನೆನಪು ಅಷ್ಟೇ ಅಂತ ಪ್ರತಿ ತಿಂಗಳು ಹೇಳುತ್ತಿದ್ದವನು ನಾನು. ಈ ಸಲ ನೆನಪು ಅಂತ ಹೇಳಿ ನಿಲ್ಲಿಸಿಬಿಟ್ಟೆ. ಅಷ್ಟೇ ಅನ್ನಲು ಬಾಯಿ ಬರಲಿಲ್ಲ. ನಿಮ್ಮ ಕಡೆ ಬಂದೆ ಅಂತ ತಿಳಿಯಬೇಡ. ನನಗೆ ತಿಳಿದಿರುವುದು ಮೊದಲಿಗಿಂತ ಕಡಿಮೆ, ಅದನ್ನು ಮಾತ್ರ ಹೇಳಬಲ್ಲೆ. ಆ ಹನ್ನೆರಡು ನನ್ನವೇ. ಸಭೆಯ ಹಿರಿಯರ ಮುಂದೆ ಹೇಳಿಕೊಂಡೆ.

ಇನ್ನೊಂದು. ನಮ್ಮ ಸಭೆಯಲ್ಲಿ ಒಬ್ಬರು ಟೀಚರ್ ಇದ್ದಾರೆ, ಎರಡನೇ ಸಾಲಿನ ಕೊನೆಯಲ್ಲಿ ಕೂರುತ್ತಾರೆ. ಬ್ರೆಡ್ಡಿನ ತಟ್ಟೆ ಬಂದಾಗಲೆಲ್ಲ ಪಕ್ಕದವರಿಗೆ ದಾಟಿಸಿ, ಕೈ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಆರು ವರ್ಷದಿಂದ ನೋಡುತ್ತಿದ್ದೇನೆ. ಏನೋ ಮನಸ್ಸಿನ ತೊಡಕು ಅಂದುಕೊಂಡು ಅವರಿಗಾಗಿ ಪ್ರಾರ್ಥನೆ ಮಾಡುತ್ತಿದ್ದೆ. ಹೋದ ವಾರ ಹೋಗಿ ಕೇಳಿದೆ. ಗೋಧಿ ಆಗಲ್ಲ ಸರ್ ಅಂದರು. ಯಾವ ರೊಟ್ಟಿಯಾದರೂ ಸರಿ ಅಂತ ನಿನಗೆ ಎರಡು ಸಲ ಬರೆದವನು ನಾನು.

ಆ ಸಣ್ಣ ಅಚ್ಚು ಇನ್ನೂ ಇದೆಯಾ? ಕೇಳಲು ಮುಖ ಇಲ್ಲ, ಆದರೂ ಕೇಳುತ್ತಿದ್ದೇನೆ.

ತಮ್ಮ


ಜೂನ್ 24

ವಕೀಲ ಸಾಹೇಬರಿಗೆ,

ಹಲ್ಲಿನ ಗುರುತಿರೋದನ್ನ ಇಟ್ಕೋ. ಮಿಕ್ಕಿದ್ದು ಹಕ್ಕಿಗೆ ಹಾಕು, ಅಮ್ಮ ಆದ್ರೂ ಅದನ್ನೇ ಹೇಳ್ತಿದ್ದಳು. ಡಬ್ಬ ತೊಳೆದು ವಾಪಸ್ ಕಳಿಸು, ಗುಂಡಿಗಳು ಒಂದು ಕವರಿನಲ್ಲಿ ಸಿಕ್ಕಿವೆ.

ಇದರ ಜೊತೆ ಇರೋ ಪೊಟ್ಟಣದಲ್ಲಿ ಇಪ್ಪತ್ತನಾಲ್ಕು ಬಿಲ್ಲೆ ಇವೆ, ತಿಂಗಳಿಗೆ ಒಂದರ ಹಾಗೆ ಎರಡು ವರ್ಷಕ್ಕೆ ಬಂತು. ಗಾಳಿ ಆಡದ ಹಾಗೆ ಇಡು. ಅಕ್ಕಿ ಹಿಟ್ಟು, ನೀರು, ಮತ್ತೇನಿಲ್ಲ. ನಮ್ಮಲ್ಲಿ ಇದು ಏನೂ ಆಗಲ್ಲ, ನಿಮ್ಮಲ್ಲಿ ಏನಾಗತ್ತೋ ನೀವೇ ನೋಡ್ಕೊಳ್ಳಿ. ನಿನ್ನನ್ನ ಕ್ಷಮಿಸಿ ಮಾಡಿದ್ದಲ್ಲ, ಅದಕ್ಕೆ ಇನ್ನೂ ಸಮಯ ಬೇಕು. ಆ ಟೀಚರ್ ಕೈ ಇನ್ನು ಖಾಲಿ ಇರೋದು ಬೇಡ ಅಂತ ಮಾಡಿದೆ.

ಕಾವು ಇಳಿಸಿ ಸುಟ್ಟಿದೀನಿ. ಯಾವುದರ ಅಂಚೂ ಸೀದಿಲ್ಲ, ನೋಡು.

ಅಕ್ಕ